ಖಾಲಿ ಬಿದ್ದಿರುವ ಲೇಔಟ್ ಒನ್

ಯಾರಾದರೂ ಆಟೋಕ್ಯಾಡ್ ಫೈಲು ಕಳಿಸಿದರೆ ನಾನು ಮೊದಲು ನೋಡುವುದು ಮನೆಯ ಪ್ಲಾನನ್ನಲ್ಲ, ಪರದೆಯ ತಳದಲ್ಲಿ ಎಡಗಡೆಗಿರುವ ಟ್ಯಾಬುಗಳನ್ನು. ಮಾಡೆಲ್, ಲೇಔಟ್ ಒನ್, ಲೇಔಟ್ ಟೂ ಎಂದು ಸಾಫ್ಟ್‌ವೇರ್ ಇಟ್ಟ ಹೆಸರುಗಳೇ ಉಳಿದಿವೆಯೇ? ಲೇಔಟ್ ಒನ್ ತೆರೆದರೆ ಬಿಳಿ ಹಾಳೆಯ ನಡುವೆ ಒಂದೇ ಚೌಕಟ್ಟು, ಅದರೊಳಗೆ ಸಾಸಿವೆ ಕಾಳಿನಷ್ಟು ಪ್ಲಾನು ಕಾಣುತ್ತದೆಯೇ? ಹಾಗಿದ್ದರೆ ಆ ಕಚೇರಿಯಲ್ಲಿ ಅತ್ತ ಯಾರೂ ತಲೆ ಹಾಕಿಲ್ಲ ಎಂದೇ ಅರ್ಥ.

ಅಂಥ ಕಚೇರಿಗಳ ಪದ್ಧತಿ ನನಗೆ ಚೆನ್ನಾಗಿ ಗೊತ್ತು. ಮಾಡೆಲ್‌ನಲ್ಲೇ ಪ್ಲಾನು, ಪಕ್ಕದಲ್ಲೇ ಎಲಿವೇಷನ್, ಸೆಕ್ಷನ್, ಬಾಗಿಲು-ಕಿಟಕಿಗಳ ಪಟ್ಟಿ. ಸುತ್ತಲೂ ನೂರು ಪಟ್ಟು ಹಿಗ್ಗಿಸಿದ ಎ3 ಹಾಳೆಯ ಅಂಚು. ಪ್ಲಾಟ್ ಕೊಡುವಾಗ ವಿಂಡೋ ಎಳೆದು 1:100 ಎಂದರೆ ಮುಗಿಯಿತು. ಕೆಲಸ ನಡೆಯುತ್ತದೆ, ಮನೆಗಳೂ ಏಳುತ್ತವೆ. ತೊಡಕು ಶುರುವಾಗುವುದು ಅದೇ ಹಾಳೆಯಲ್ಲಿ ಮೆಟ್ಟಿಲಿನ ವಿವರವನ್ನು 1:20ರಲ್ಲಿ ತೋರಿಸಬೇಕಾದಾಗ. ಮೆಟ್ಟಿಲನ್ನು ಕಾಪಿ ಮಾಡಿ ಐದು ಪಟ್ಟು ಹಿಗ್ಗಿಸುತ್ತಾರೆ. 150 ಮಿಲಿಮೀಟರಿನ ರೈಸರ್ 750 ಆಗುತ್ತದೆ. ಆಮೇಲೆ ಡೈಮೆನ್ಷನ್ನಿನ ಮೇಲೆ ಡಬಲ್ ಕ್ಲಿಕ್ ಮಾಡಿ, ಕೈಯಾರೆ 150 ಎಂದು ಟೈಪ್ ಮಾಡುತ್ತಾರೆ. ಅಲ್ಲಿಂದ ಮುಂದೆ ಆ ಫೈಲಿನಲ್ಲಿ ಎರಡು ಮೆಟ್ಟಿಲುಗಳಿರುತ್ತವೆ. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಸುದ್ದಿಯೇ ಇಲ್ಲ.

ಇದಕ್ಕೆ ಪರಿಹಾರ ಬಂದು ಮೂರು ದಶಕಗಳೇ ದಾಟಿದವು. 1982ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಆಟೋಕ್ಯಾಡ್‌ನಲ್ಲಿ ಇದ್ದದ್ದು ಒಂದೇ ಬಯಲು. 1988ರ ರಿಲೀಸ್ 10ರಲ್ಲಿ ಪರದೆಯನ್ನು ಟೈಲ್ಸ್ ಜೋಡಿಸಿದ ಹಾಗೆ ಭಾಗ ಮಾಡಿಕೊಂಡು ನೋಡಬಹುದಿತ್ತು, ಆದರೆ ಒಂದೇ ಹಾಳೆಯಲ್ಲಿ ಅವೆಲ್ಲವನ್ನೂ ಮುದ್ರಿಸುವಂತಿರಲಿಲ್ಲ. 1990ರ ರಿಲೀಸ್ 11 ಹಾಳೆಗೆಂದೇ ಬೇರೆ ಜಾಗವಾದ ಪೇಪರ್ ಸ್ಪೇಸನ್ನು, ಎಂದರೆ ಇಂದಿನ ಲೇಔಟನ್ನು, ತಂದಿತು. ಹಳೆಯ ಕಾಲದ ಗುರುತು ಟೈಲ್‌ಮೋಡ್ ಎಂಬ ಸೆಟ್ಟಿಂಗಿನಲ್ಲಿ ಇವತ್ತಿಗೂ ಉಳಿದಿದೆ. ಅದಕ್ಕೆ 1 ಕೊಟ್ಟರೆ ಮಾಡೆಲ್, 0 ಕೊಟ್ಟರೆ ಹಾಳೆ. ಒಂದೇ ಫೈಲಿನಲ್ಲಿ ಬೇಕಾದಷ್ಟು ಲೇಔಟ್ ಇಟ್ಟುಕೊಳ್ಳುವ ಅನುಕೂಲ ಆಟೋಕ್ಯಾಡ್ 2000ದೊಂದಿಗೆ ಬಂತು.

ಲೆಕ್ಕ ಸರಳ. ಮಾಡೆಲ್‌ನಲ್ಲಿ ಮನೆ ಮನೆಯಷ್ಟೇ ದೊಡ್ಡದು: 40-60 ಸೈಟೆಂದರೆ 12,192ಕ್ಕೆ 18,288 ಮಿಲಿಮೀಟರ್. ಲೇಔಟಿನಲ್ಲಿ ಹಾಳೆ ಹಾಳೆಯಷ್ಟೇ: ಎ3 ಎಂದರೆ 420ಕ್ಕೆ 297. ಎರಡರ ನಡುವಿನ ಕಿಂಡಿ ವ್ಯೂಪೋರ್ಟ್. ಸ್ಕೇಲ್ ಎಂಬುದು ಆ ಕಿಂಡಿಗೆ ಸೇರಿದ್ದು, ಮನೆಗೂ ಅಲ್ಲ, ಹಾಳೆಗೂ ಅಲ್ಲ. 1:100ರಲ್ಲಿ ಆ ಸೈಟು ಹಾಳೆಯ ಮೇಲೆ 122ಕ್ಕೆ 183 ಮಿಲಿಮೀಟರ್ ಜಾಗ ಹಿಡಿಯುತ್ತದೆ. ನೆಲಮಹಡಿ, ಮೊದಲ ಮಹಡಿ, ತಾರಸಿ ಮೂರನ್ನೂ ಸಾಲಾಗಿ ಇಟ್ಟರೆ 366. ಸ್ವಲ್ಪ ಬಿಗಿ, ಆದರೂ ಕೂರುತ್ತದೆ. ಕೆಳಗೆ ಉಳಿಯುವ ಪಟ್ಟಿಯಲ್ಲಿ ಟೈಟಲ್ ಬ್ಲಾಕು, ಮೆಟ್ಟಿಲಿಗಾಗಿ 1:20ರ ಇನ್ನೊಂದು ಪುಟ್ಟ ವ್ಯೂಪೋರ್ಟ್. ಮೆಟ್ಟಿಲು ಮಾತ್ರ ಫೈಲಿನಲ್ಲಿ ಒಂದೇ.

ಇಷ್ಟು ಪುಸ್ತಕದ ಪಾಠ. ಕೈ ಪಳಗಬೇಕಾದದ್ದು ಎರಡರ ನಡುವೆ ಓಡಾಡುವಾಗ. ವ್ಯೂಪೋರ್ಟಿನೊಳಗೆ ಡಬಲ್ ಕ್ಲಿಕ್ ಮಾಡಿ. ಅದರ ಅಂಚು ದಪ್ಪಗಾಗುತ್ತದೆ. ಹಾಳೆಯ ಮೂಲೆಯಲ್ಲಿದ್ದ ಸೆಟ್‌ಸ್ಕ್ವೇರಿನಂಥ ತ್ರಿಕೋನ ಮಾಯವಾಗಿ ಎಕ್ಸ್-ವೈ ಗುರುತು ಒಳಗೆ ಕಾಣಿಸಿಕೊಳ್ಳುತ್ತದೆ. ಈಗ ನೀವು ಹಾಳೆಯಲ್ಲೇ ಕೂತು ಮನೆಯೊಳಗೆ ಕೈಯಿಟ್ಟಿದ್ದೀರಿ. ಬೆರಳು ಅಭ್ಯಾಸಬಲದಿಂದ ಮೌಸಿನ ಚಕ್ರ ತಿರುಗಿಸುತ್ತದೆ. ಪ್ಲಾನು ಒಂಚೂರು ಉಬ್ಬುತ್ತದೆ, ಅಷ್ಟೆ. ಕಣ್ಣಿಗೆ ಏನೂ ಅನ್ನಿಸುವುದಿಲ್ಲ. ಕೆಳಗಿನ ಪಟ್ಟಿಯಲ್ಲಿ 1:100 ಇದ್ದ ಕಡೆ 0.0103 ಎಂಬಂಥ ಅಂಕಿ ಬಂದು ಕೂತಿರುತ್ತದೆ. ಎಂದರೆ ಸ್ಕೇಲು ಸುಮಾರು 1:97. ಮೂರು ಮೀಟರಿನ ಗೋಡೆಗೆ ಸ್ಕೇಲ್ ಪಟ್ಟಿ ಹಿಡಿದ ಮೇಸ್ತ್ರಿಗೆ ಒಂಬತ್ತು ಸೆಂಟಿಮೀಟರ್ ಹೆಚ್ಚು ಸಿಗುತ್ತದೆ, ಹೆಚ್ಚುಕಮ್ಮಿ ನಾಲ್ಕಿಂಚಿನ ಗೋಡೆಯ ದಪ್ಪ. ಬರೆದ ಅಳತೆಯನ್ನೇ ನಂಬಿ, ಹಾಳೆಯ ಮೇಲೆ ಅಳೆಯಬೇಡಿ ಎಂದು ಎಲ್ಲ ಡ್ರಾಯಿಂಗಿನಲ್ಲೂ ಬರೆದಿರುತ್ತೇವೆ. ಎಲ್ಲರೂ ಅಳೆದೇ ಅಳೆಯುತ್ತಾರೆ.

ಆದ್ದರಿಂದ ಸ್ಕೇಲ್ ಕೂಡಿಸಿದ ಮರುಕ್ಷಣ ವ್ಯೂಪೋರ್ಟಿಗೆ ಬೀಗ. ಬೀಗ ಬಿದ್ದ ಮೇಲೆ ಚಕ್ರ ತಿರುಗಿಸಿದರೆ ಇಡೀ ಹಾಳೆ ಹಿಗ್ಗುತ್ತದೆಯೇ ಹೊರತು ಒಳಗಿನ ಸ್ಕೇಲ್ ಅಲುಗುವುದಿಲ್ಲ. ಒಳಗೆ ಹೆಚ್ಚು ಹೊತ್ತು ಕೆಲಸವಿದ್ದರೆ ಇನ್ನೂ ಒಳ್ಳೆಯ ದಾರಿಯಿದೆ: ವ್ಯೂಪೋರ್ಟನ್ನು ಮ್ಯಾಕ್ಸಿಮೈಸ್ ಮಾಡುವುದು. ವಿಪಿಮ್ಯಾಕ್ಸ್ ಎಂದು ಹೊಡೆದರೆ ಅದು ಪರದೆ ತುಂಬ ಹರಡಿಕೊಳ್ಳುತ್ತದೆ, ಬೇಕಾದಂತೆ ಜೂಮ್ ಮಾಡಿ ತಿದ್ದಬಹುದು. ವಿಪಿಮಿನ್ ಹೊಡೆದರೆ ಹಳೆಯ ಜಾಗಕ್ಕೆ, ಹಳೆಯ ಸ್ಕೇಲಿಗೆ ಮರಳುತ್ತದೆ. ಇಷ್ಟು ಸೊಗಸಾದ ಸೌಲಭ್ಯವನ್ನು ಬಳಸುವವರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಎಲ್ಲರೂ ಮಾಡೆಲ್ ಟ್ಯಾಬಿಗೆ ಓಡಿ ಮತ್ತೆ ಓಡಿ ಬರುತ್ತಾರೆ.

ಲೇಯರುಗಳ ವಿಷಯದಲ್ಲೂ ಎಚ್ಚರ ಬೇಕು. ಒಂದೇ ಪ್ಲಾನಿನಿಂದ ವೈರಿಂಗ್ ಹಾಳೆ, ಪ್ಲಂಬಿಂಗ್ ಹಾಳೆ, ಫರ್ನಿಚರ್ ಹಾಳೆ ತೆಗೆಯುವುದೇ ಲೇಔಟಿನ ದೊಡ್ಡ ಲಾಭ. ಅದಕ್ಕೆ ಬಳಸಬೇಕಾದದ್ದು ವಿಪಿ ಫ್ರೀಜ್, ಅದು ಆ ಒಂದು ಕಿಂಡಿಗೆ ಮಾತ್ರ ಅನ್ವಯ. ಬರೀ ಫ್ರೀಜ್ ಒತ್ತಿದರೆ ಎಲ್ಲ ಹಾಳೆಗಳಿಂದಲೂ ಮಂಚ, ಕಪಾಟು ಒಟ್ಟಿಗೇ ಹೋಗುತ್ತವೆ.

ಹೊಸಬರನ್ನು ಗಾಬರಿಗೊಳಿಸುವ ಇನ್ನೊಂದು ಸಂಗತಿ ಕಿಟಕಿಯ ಮೇಲಿನ ಸಜ್ಜಾವನ್ನು ತೋರಿಸುವ ತುಂಡುಗೆರೆ. ಮಾಡೆಲ್‌ನಲ್ಲಿ ಸರಿಯಾಗಿದ್ದ ಗೆರೆ ಲೇಔಟಿಗೆ ಬಂದರೆ ಅಖಂಡ ಗೆರೆಯಾಗಿ ಕಾಣುತ್ತದೆ. ತಕ್ಷಣ ತುಂಡುಗಳ ಉದ್ದ ನಿಯಂತ್ರಿಸುವ ಎಲ್‌ಟಿ‌ಸ್ಕೇಲ್ ಕೆದಕಲು ಹೋಗುತ್ತಾರೆ. ಬೇಡ. ಪಿಎಸ್‌ಎಲ್‌ಟಿ‌ಸ್ಕೇಲ್ ಎಂಬ ಸೆಟ್ಟಿಂಗ್ 1 ಇದ್ದರೆ 1:100ರ ಕಿಂಡಿಯಲ್ಲೂ 1:20ರ ಕಿಂಡಿಯಲ್ಲೂ ತುಂಡುಗಳು ಹಾಳೆಯ ಮೇಲೆ ಒಂದೇ ಉದ್ದ ಬರುತ್ತವೆ. ಕೆಲವೊಮ್ಮೆ ಪರದೆ ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ. ರೀಜೆನ್‌ಆಲ್ ಹೊಡೆದರೆ ಸರಿಹೋಗುತ್ತದೆ.

ಇನ್ನು ಜಗಳದ ವಿಷಯ: ಡೈಮೆನ್ಷನ್ ಎಲ್ಲಿ ಹಾಕಬೇಕು? ಆಟೋಕ್ಯಾಡ್ 2002ರಿಂದ ಹಾಳೆಯ ಮೇಲೆ ಹಾಕಿದ ಡೈಮೆನ್ಷನ್ನೂ ಕಿಂಡಿಯ ಮೂಲಕ ಮನೆಯ ನಿಜವಾದ ಅಳತೆಯನ್ನೇ ಓದುತ್ತದೆ. ಅಕ್ಷರದ ಗಾತ್ರದ ತಲೆನೋವಿಲ್ಲ, ಆದ್ದರಿಂದ ಎಲ್ಲವನ್ನೂ ಲೇಔಟಿನಲ್ಲೇ ಹಾಕುವ ಪಂಗಡವೊಂದಿದೆ. ನಾನು ಆ ಕಡೆಯವನಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ನಮ್ಮ ಫೈಲನ್ನು ಎಕ್ಸ್‌ರೆಫ್ ಆಗಿ ಜೋಡಿಸಿಕೊಂಡಾಗ ಅವರಿಗೆ ಸಿಗುವುದು ಮಾಡೆಲ್ ಮಾತ್ರ. ಲೇಔಟಿನಲ್ಲಿ ಬರೆದ ಒಂದು ಅಂಕಿಯೂ ಜೊತೆಗೆ ಹೋಗುವುದಿಲ್ಲ. ಗೋಡೆಯ ಅಳತೆ ಗೋಡೆಯ ಪಕ್ಕದಲ್ಲಿರಲಿ, ಹಾಳೆಗೆ ಮಾತ್ರ ಸಂಬಂಧಿಸಿದ ಶೀರ್ಷಿಕೆ, ಟಿಪ್ಪಣಿ, ಉತ್ತರ ದಿಕ್ಕಿನ ಬಾಣ ಹಾಳೆಯಲ್ಲಿರಲಿ. ಸ್ಕೇಲಿಗೆ ತಕ್ಕಂತೆ ಅಕ್ಷರ ತಾನೇ ಹೊಂದಿಕೊಳ್ಳುವ ಅನೊಟೇಟಿವ್ ವ್ಯವಸ್ಥೆ 2008ರ ಆವೃತ್ತಿಯಲ್ಲೇ ಬಂದಿದೆ. ಅದನ್ನು ಮಿತವಾಗಿ ಬಳಸಿ. ಒಂದೊಂದು ಅಕ್ಷರಕ್ಕೂ ಹತ್ತಾರು ಸ್ಕೇಲ್ ಅಂಟಿಸಿದ ಫೈಲನ್ನು ತಿದ್ದುವುದು ಶಿಕ್ಷೆ.

ಪ್ಲಾಟ್ ಕೊಡುವ ಮುಂಚೆ ವ್ಯೂಪೋರ್ಟಿನ ಅಂಚನ್ನು ಪ್ರಿಂಟ್ ಆಗದ ಲೇಯರಿಗೆ ಹಾಕಿ, ಪೇಜ್ ಸೆಟಪ್ಪಿನಲ್ಲಿ ಸ್ಕೇಲ್ 1:1 ಇದೆಯೇ ನೋಡಿ. ಲೇಔಟಿನಲ್ಲಿ ಹಾಳೆ ಈಗಾಗಲೇ ಹಾಳೆಯಷ್ಟೇ ಇದೆ, ಮತ್ತೆ 1:100 ಕೊಟ್ಟರೆ ಮನೆ ಚುಕ್ಕಿಯಾಗುತ್ತದೆ. ಪಿಡಿಎಫ್ ತೆಗೆದುಕೊಂಡು ಪ್ರಿಂಟ್ ಅಂಗಡಿಗೆ ಹೋದರೆ, ಅಲ್ಲಿನ ಹುಡುಗ ಹಾಳೆಯ ಅಂಚು ಕತ್ತರಿಸಿಹೋಗಬಾರದೆಂದು ಒಳ್ಳೆಯ ಮನಸ್ಸಿನಿಂದಲೇ ‘ಫಿಟ್’ ಒತ್ತುತ್ತಾನೆ. ಅಲ್ಲಿಗೆ ಇಷ್ಟೂ ಲೆಕ್ಕ ನೀರುಪಾಲು. ‘ಆಕ್ಚುಯಲ್ ಸೈಜ್ ಕೊಡಪ್ಪಾ’ ಎಂದು ಎದುರಿಗೇ ನಿಂತು ಹೇಳಿ. ಪ್ರತಿ ವ್ಯೂಪೋರ್ಟಿನ ಕೆಳಗೂ ಸ್ಕೇಲ್ ಬಾರೊಂದನ್ನು ಎಳೆದಿಡಿ. ಹಾಳೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ, ಸೈಟಿನಲ್ಲಿ ಪಟ್ಟಿ ಹಿಡಿದವರಿಗೆ ಅನುಮಾನವಾದರೂ ಬರುತ್ತದೆ.