ದ್ವೀಪದ ಪೇಟೆಯಲ್ಲಿ ಕೊಳ್ಳುವವರ ಕಣ್ಣು

ದಸರೆಯ ರಜೆಯಲ್ಲಿ ಕಡರನಾಯಕನಹಳ್ಳಿಯಿಂದಲೂ ಹರಿಹರದ ಸುತ್ತಣ ಊರುಗಳಿಂದಲೂ ಮೈಸೂರ ಕಡೆಗೆ ಹೊರಡುವ ಕುಟುಂಬಗಳು ಶ್ರೀರಂಗಪಟ್ಟಣದಲ್ಲಿ ಇಳಿದು, ರಂಗನಾಥನ ದರ್ಶನವನ್ನೂ ಸಂಗಮದ ಸ್ನಾನವನ್ನೂ ಮುಗಿಸಿದ ಮೇಲೆ, ಅಲ್ಲಿಯ ಅಂಗಡಿಸಾಲಿನ ಮುಂದೆ ಹಣದ ಚೀಲ ಬಿಚ್ಚುವುದು ವಾಡಿಕೆ. ನಮ್ಮ ತುಂಗಭದ್ರೆಗೂ ಹಂಪೆಯ ಬಳಿ ವಿರೂಪಾಪುರಗಡ್ಡೆಯೆಂಬ ದ್ವೀಪವುಂಟು. ಆದರೆ ಅಲ್ಲಿಯ ವಸತಿಗೃಹಗಳು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2020ರಲ್ಲಿ ತೆರವಾದುವಾದ್ದರಿಂದ, ನೆಲೆನಿಂತ ಪೇಟೆಯುಳ್ಳ ದ್ವೀಪವನ್ನು ಅರಸುವವರು ಕಾವೇರಿಯ ಎರಡು ಕವಲುಗಳ ನಡುವೆ ಸುಮಾರು 3 ಮೈಲಿ ಉದ್ದಕ್ಕೆ, 1 ಮೈಲಿ ಅಗಲಕ್ಕೆ ಹಬ್ಬಿದ ಈ ಪಟ್ಟಣಕ್ಕೇ ಬರಬೇಕು.

ಈ ದ್ವೀಪದಲ್ಲಿ ಪುರಾತನ ವಸ್ತುಗಳನ್ನು ಕೊಳ್ಳಬಯಸುವವರು ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಇಲ್ಲಿಯ ಅರಮನೆಯ ಸಂಪತ್ತು ಲೂಟಿಯಾಗಿ, ಅಳಿದುಳಿದದ್ದು ವಿಜಯಿಗಳಲ್ಲಿ ಹಂಚಿಹೋಯಿತು. ಟಿಪ್ಪುವಿನ ಸಿಂಹಾಸನವನ್ನು ತುಂಡುತುಂಡಾಗಿ ಬಿಡಿಸಿದರು. ಅವನ ಪ್ರಸಿದ್ಧವಾದ ಯಾಂತ್ರಿಕ ಹುಲಿ ಹಡಗೇರಿ ಹೋಗಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅಂತಹ ನೆಲದಲ್ಲಿ ‘ಹೊಲ ಉಳುವಾಗ ಸಿಕ್ಕಿತು’ ಎಂದು ಹೇಳಿ ಬೀದಿಯಲ್ಲಿ ಯಾರೋ ಕೈಗಿಡುವ ನಾಣ್ಯದ ವಿಷಯದಲ್ಲಿ ಕೊಳ್ಳುವವರು ಶಂಕೆಯನ್ನು ಬಿಡಲಾಗದು. ಆನೆಯ ಮುದ್ರೆಯ ನಿಜವಾದ ತಾಮ್ರದ ಪೈಸೆ ಸುಮಾರು 11 ಗ್ರಾಂ ತೂಗುವುದು. ಅದು ಅಚ್ಚಿನಿಂದ ಒತ್ತಿದ್ದು. ನಕಲಿಯನ್ನು ಬಹುಮಟ್ಟಿಗೆ ಎರಕ ಹೊಯ್ದು ಮಾಡುವರಾದ್ದರಿಂದ, ಅದರ ಅಂಚಿನಲ್ಲಿ ಎರಡು ಅರೆಗಳು ಕೂಡಿದ ಸಣ್ಣ ಗೆರೆಯನ್ನೋ ಮೈಯ ಮೇಲೆ ಗುಳ್ಳೆಗಳ ಕುಳಿಗಳನ್ನೋ ಕಾಣಬಹುದು. ಇನ್ನೊಂದು ಸೂಕ್ಷ್ಮವುಂಟು: ಟಿಪ್ಪು ಮೌಲೂದಿ ಶಕೆಯನ್ನು ಬಳಕೆಗೆ ತಂದಮೇಲೆ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು, ಆದ್ದರಿಂದ 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ತೋರುವುದು. ಇಷ್ಟೆಲ್ಲ ಪರೀಕ್ಷೆಯಲ್ಲಿ ಗೆದ್ದು ವಸ್ತು ನಿಜವೆಂದೇ ತೋರಿತೆನ್ನಿ; ಆಗಲೂ 1972ರ ಪುರಾತನ ವಸ್ತುಗಳ ಕಾಯಿದೆ ಎದುರು ನಿಲ್ಲುವುದು. ನೂರು ವರ್ಷಕ್ಕೆ ಮೀರಿದ ಇಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಿಂದ ಹೊರಕ್ಕೆ ಸಾಗಿಸುವಂತಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಕಳುಹಿಸಲೆಂದು ಕೊಳ್ಳುವ ತಾಯಿತಂದೆಯರು ಇದನ್ನು ಮರೆಯಬಾರದು.

ಹಾಗಾದರೆ ಕೊಳ್ಳತಕ್ಕದ್ದೇನು? ಇಂದಿಗೂ ಕೈ ಆಡುತ್ತಿರುವ ಕಸುಬಿನ ಸರಕನ್ನು ಎಂಬುದೇ ನನ್ನ ದೃಢವಾದ ಅಭಿಪ್ರಾಯ. ಅದನ್ನು ಆರಿಸುವ ಕಣ್ಣು ನಮ್ಮ ಸೀಮೆಯವರಿಗೆ ಹೊಸದೇನೂ ಅಲ್ಲ. ಸಂತೆಯಲ್ಲಿ ಕಂಬಳಿ ಕೊಳ್ಳುವ ಹಿರಿಯರು ಅದನ್ನು ಬಿಸಿಲಿಗೆ ಹಿಡಿದು ನೇಯ್ಗೆಯ ಸಾಂದ್ರತೆಯನ್ನು ನೋಡಿ, ಹುಣಸೆಬೀಜದ ಸರಿಯ ಬಿರುಸನ್ನು ಬೆರಳಿನಿಂದಳೆದು, ಉಣ್ಣೆಯ ಕಪ್ಪು ಕುರಿಯದೋ ಬಣ್ಣದ್ದೋ ಎಂದು ವಿಚಾರಿಸಿ, ಆಮೇಲಲ್ಲವೆ ಬೆಲೆಯ ಮಾತೆತ್ತುವುದು? ಆ ನಿಧಾನವನ್ನೇ ದ್ವೀಪಕ್ಕೂ ಕೊಂಡೊಯ್ಯಬೇಕು.

ಬೀಟೆಮರದ ಇನ್‌ಲೇ ಫಲಕಗಳನ್ನು ಕೊಳ್ಳುವವರು ಮೊದಲು ಟಿಪ್ಪುವಿನ ಸಮಾಧಿಯಾದ ಗುಂಬಜಿಗೆ ಹೋಗಿ, ಲಾರ್ಡ್ ಡಾಲ್‌ಹೌಸಿ ಮಾಡಿಸಿಕೊಟ್ಟನೆಂಬ ದಂತ ಕೂರಿಸಿದ ಕರಿಮರದ ಬಾಗಿಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಲಿ. ಒಂದು ವಸ್ತುವಿನ ಒಡಲಲ್ಲಿ ಮತ್ತೊಂದನ್ನು ಕೂದಲೆಳೆಯ ಸಂದೂ ಇಲ್ಲದಂತೆ ಕೂರಿಸುವುದೆಂದರೇನೆಂದು ಅಲ್ಲಿ ಅರಿವಾಗುವುದು. ಈಗ ದಂತದ ವ್ಯಾಪಾರ ನಿಷಿದ್ಧ. ಅದರ ಸ್ಥಾನದಲ್ಲಿ ಬೇರೆಬೇರೆ ಸಹಜವರ್ಣದ ಮರಗಳು ಬಂದಿವೆ. ನಿಜವಾದ ಕೆಲಸದಲ್ಲಿ ಪ್ರತಿಯೊಂದು ತುಂಡಿನ ಎಳೆಯೂ ತನ್ನದೇ ದಿಕ್ಕಿಗೆ ಸಾಗುವುದು. ಚಿತ್ರವನ್ನು ಮುದ್ರಿಸಿ ಮೆರುಗೆಣ್ಣೆ ಬಳಿದ ಹಲಗೆಯಲ್ಲಿ ಆನೆಗೂ ಆಕಾಶಕ್ಕೂ ಒಂದೇ ಎಳೆ. ಶ್ರೀಗಂಧದ ವಿಗ್ರಹಗಳನ್ನಂತೂ ಸರ್ಕಾರದ ಕಾವೇರಿ ಮಳಿಗೆಯಲ್ಲಿ ರಸೀದಿ ಪಡೆದೇ ಕೊಳ್ಳುವುದು ಕ್ಷೇಮ. ಅಗ್ಗದ ಮರಕ್ಕೆ ಗಂಧದೆಣ್ಣೆ ಸವರಿ ಮಾರುವ ಮೋಸ ಹಳೆಯದು.

ಬೆಂಗಳೂರ ಮಾರ್ಗವಾಗಿ ಮರಳುವವರಿಗೆ ಚನ್ನಪಟ್ಟಣ ದಾರಿಯಲ್ಲೇ ಸಿಗುವುದರಿಂದ, ಬೊಂಬೆಗಳನ್ನು ದ್ವೀಪದಲ್ಲಿ ಕೊಳ್ಳದೆ ಅಲ್ಲಿಯ ಕಸುಬುದಾರರ ಮನೆಬಾಗಿಲಲ್ಲೇ ಕೊಳ್ಳುವುದು ಮೇಲು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದ ಹೆಸರಾದ ಹರಿಹರದ ಜನಕ್ಕೆ ಆ ಕೆಲಸದ ಮರ್ಮವನ್ನು ವಿವರಿಸಬೇಕಾದದ್ದಿಲ್ಲ: ಲೇತಿನಲ್ಲಿ ತಿರುಗುತ್ತಿರುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದೊಡನೆ ಘರ್ಷಣೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು, ಬಳಿಕ ತಾಳೆಜಾತಿಯ ಗರಿಯನ್ನು ಒತ್ತಿ ಉಜ್ಜಿದರೆ ಹೊಳಪೇರುವುದು. ಬೊಂಬೆಯ ಮೇಲೆ ಕುಂಚದ ಎಳೆ ಕಂಡರೆ, ಅಥವಾ ಗೀರಿನೊಳಗೆ ಬಣ್ಣ ಮಡುಗಟ್ಟಿದ್ದರೆ, ಅದು ಬಳಿದ ಬಣ್ಣ. ಅಂಥದನ್ನು ಕೆಳಗಿಟ್ಟು, ಕುಶಲಿಯು ಲೇತಿನಿಂದ ಆಗತಾನೆ ಬಿಡಿಸಿದ, ಕೈಗೆ ಇನ್ನೂ ಬೆಚ್ಚಗೆ ತಗಲುವ ಬೊಂಬೆಯನ್ನೇ ಕೇಳಿ ಪಡೆಯಿರಿ.