ಘಟ್ಟ ಹತ್ತಿ ಬಂದ ಬೇಸಿಗೆ ಸಲಹೆ

ಶಿವರಾತ್ರಿ ಕಳೆಯುತ್ತಿದ್ದ ಹಾಗೆ ತೆಂಗಿನ ಬೇಸಿಗೆ ಸಲಹೆಗಳು ಶುರುವಾಗುತ್ತವೆ. ಪತ್ರಿಕೆಯ ಕೃಷಿ ಪುಟ, ರೇಡಿಯೋ, ಇಲಾಖೆಯ ಕರಪತ್ರ, ಈಗೀಗ ವಾಟ್ಸಾಪ್ ಗುಂಪು, ಎಲ್ಲೆಡೆ ಮಾತು ಹೆಚ್ಚುಕಡಿಮೆ ಒಂದೇ. ನಾಲ್ಕು ದಿನಕ್ಕೊಮ್ಮೆ ಮರಕ್ಕೆ 200 ಲೀಟರ್ ನೀರು ಕೊಡಿ. ಬುಡದಿಂದ ಆರಡಿ ಬಿಟ್ಟು ಸುತ್ತ ಪಾತಿ ಕಟ್ಟಿ, ಒಳಗೆ ಸಿಪ್ಪೆ, ಗರಿ ಮುಚ್ಚಿ. ಎಳೆ ಸಸಿಗೆ ನೆರಳು ಮಾಡಿ. ಹುಳ ಬಿದ್ದ ಗರಿ ಕಡಿದು ಸುಡಿ. ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ. ಆದರೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದಲ್ಲಿ ನಿಂತು ಓದಿದರೆ, ಬೇರೆ ಯಾರಿಗೋ ಬರೆದ ಕಾಗದ ತಪ್ಪಿ ನಮ್ಮ ಮನೆಗೆ ಬಂದಂತೆ ಕಾಣುತ್ತದೆ.

ತೆಂಗಿನ ಶಾಸ್ತ್ರದ ಬಹುಪಾಲು ಕರಾವಳಿಯದು. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಆರಂಭವಾದದ್ದು 1916ರಲ್ಲಿ; ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅದರದೇ ಮುಂದುವರಿಕೆ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ನಮ್ಮಲ್ಲಿ 600ರ ಆಸುಪಾಸು, ಅದೂ ಬಂದರೆ. ಅಲ್ಲಿಯವರಿಗೆ ಬೇಸಿಗೆಯ ನೀರು ಎರಡು ಮಳೆಗಾಲದ ನಡುವಿನ ಕೊರತೆ ತುಂಬಿಸಲಿಕ್ಕೆ. ಇಲ್ಲಿ ಮಳೆಗಾಲವೇ ಕೊರತೆಯದು. ಹೇಮಾವತಿ ನಾಲೆ ಹಾಯದ ಹಳ್ಳಿಗಳಲ್ಲಿ ಕೊಳವೆಬಾವಿಯೇ ಗತಿ.

ಆ 200 ಲೀಟರಿನ ಲೆಕ್ಕವನ್ನೇ ನೋಡಿ. ಮರಕ್ಕೆ ದಿನಕ್ಕೆ 50 ಲೀಟರ್ ಆಯಿತು. ಮೂವತ್ತಡಿ ಅಂತರದಲ್ಲಿ ಎಕರೆಗೆ ಐವತ್ತರ ಹತ್ತಿರ ಮರ ಬರುತ್ತವೆ, ನಾಲ್ಕು ಎಕರೆಯವನಿಗೆ ದಿನಕ್ಕೆ 10,000 ಲೀಟರ್ ಬೇಕು. ಕರೆಂಟ್ ಇರುವ ಕೆಲವೇ ಗಂಟೆಯಲ್ಲಿ, ಉಸಿರು ಕಟ್ಟಿದ ಬೋರಿನಿಂದ ಇಷ್ಟು ಎತ್ತಬೇಕು. ಎತ್ತಲಾಗುವುದಿಲ್ಲ ಎಂಬುದು ಸಲಹೆ ಬರೆದವರಿಗೂ ಗೊತ್ತು. ಹಾಗಾದರೆ ಅರ್ಧ ನೀರಿದ್ದವನು ಏನು ಮಾಡಬೇಕು? ಎಲ್ಲ ಮರಕ್ಕೂ ಹಂಚಿ ಎಲ್ಲವನ್ನೂ ಅರೆಜೀವ ಮಾಡಬೇಕೋ, ಕೆಲವನ್ನು ಕೈಬಿಟ್ಟು ಉಳಿದವನ್ನು ಕಾಯಬೇಕೋ? ಬರಗಾಲದ ರೈತನ ನಿಜವಾದ ಪ್ರಶ್ನೆ ಇದು. ಕರಪತ್ರ ಇದಕ್ಕೆ ಬಾಯಿ ಬಿಡುವುದಿಲ್ಲ. ನನ್ನನ್ನು ಕೇಳಿದರೆ ಮೊದಲು ಸಸಿ, ಆಮೇಲೆ ಚೆನ್ನಾಗಿ ಕಾಯಿ ಕಟ್ಟುವ ಮರ. ತಲೆ ಸಣ್ಣಗಾದ ಮುದಿ ಮರಕ್ಕೆ ಕೊನೆಯ ಪಾಳಿ. ಹೇಳಲು ಕಷ್ಟದ ಮಾತು, ಆದರೆ 2016-17ರ ಬರದಲ್ಲಿ ತೋಟಕ್ಕೆ ತೋಟವೇ ಒಣಗಿದ್ದನ್ನು ಕಂಡ ಸೀಮೆಗೆ ಇದನ್ನು ಹೇಳಲೇಬೇಕು.

ಸಿಪ್ಪೆಯ ಕಥೆ ಇನ್ನೂ ಸ್ವಾರಸ್ಯದ್ದು. ಸಿಪ್ಪೆಯನ್ನು ಕವುಚಿ ಹಾಸಿದರೆ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಕರಗುವಾಗ ಪೊಟ್ಯಾಷ್ ಕೊಡುತ್ತದೆ. ಮುಚ್ಚಿಗೆಗೆ ಇದಕ್ಕಿಂತ ಒಳ್ಳೆಯ ವಸ್ತು ನಮ್ಮ ತೋಟದಲ್ಲಿಲ್ಲ. ಆದರೆ ನಮ್ಮದು ಉಂಡೆ ಕೊಬ್ಬರಿಯ ನಾಡು. ಇಲ್ಲಿ ಕಾಯಿ ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು ಒಣಗಬೇಕು. ಕೊಬ್ಬರಿ ಸುಲಿಯುವ ದಿನವೇ ಸಿಪ್ಪೆ ಕೈಗೆ ಸಿಗುವುದು. ನಾರಿನ ಕಾರ್ಖಾನೆಯ ಲಾರಿ ಆಗಲೇ ಬಾಗಿಲಲ್ಲಿ ನಿಂತಿರುತ್ತದೆ. ಸುಲಿಯುವವರ ಕೂಲಿಗೆ ಆ ದುಡ್ಡು ಒದಗುವುದರಿಂದ ಸಿಪ್ಪೆ ಲಾರಿ ಹತ್ತುತ್ತದೆ. ಉಳಿದ ಗರಿಯನ್ನು ಬಚ್ಚಲ ಒಲೆ ನುಂಗುತ್ತದೆ. ಮಾರಿದ ಸಿಪ್ಪೆಗೆ ಸಿಕ್ಕಿದ್ದೆಷ್ಟು, ಅದು ಬುಡದಲ್ಲಿದ್ದಿದ್ದರೆ ಉಳಿಯುತ್ತಿದ್ದ ನೀರು, ಗೊಬ್ಬರದ ಬೆಲೆ ಎಷ್ಟು ಎಂಬ ಲೆಕ್ಕವನ್ನು ಸಲಹೆ ಪಕ್ಕಪಕ್ಕದಲ್ಲಿ ಬರೆದು ತೋರಿಸಬೇಕು. ಬರೀ "ಮುಚ್ಚಿ" ಎಂದರೆ ಸಾಲದು.

ನನ್ನ ದೊಡ್ಡ ತಕರಾರು ಕಾಲದ್ದು. ತೆಂಗಿನ ಹೊಂಬಾಳೆ ಬಿರಿಯುವುದಕ್ಕೆ ಸುಮಾರು 32 ತಿಂಗಳ ಮೊದಲೇ ಅದರ ಮೊಳಕೆ ಸುಳಿಯೊಳಗೆ ಮೂಡಿರುತ್ತದೆ. ಬಿರಿದ ಮೇಲೆ ಕಾಯಿ ಬಲಿಯಲು ಮತ್ತೊಂದು ವರ್ಷ. ಆದ್ದರಿಂದ ಒಂದು ಬೇಸಿಗೆಯ ಏಟು ಮೂರನೆಯ ವರ್ಷದ ಕೊಯ್ಲಿನಲ್ಲೂ ಕಾಣಿಸಬಹುದು. ಈ ವರ್ಷ ಹರಳು ಉದುರಿತೆಂದು ಈ ವರ್ಷವೇ ಔಷಧಿ ಹುಡುಕುವವನಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಡವೇ? ಮಾರ್ಚಿನಲ್ಲಿ ಹೊರಡುವ ಸಲಹೆ ತೋಟ ಒಣಗಿದ ಮೇಲಿನ ಶುಶ್ರೂಷೆ. ಬದು ಹಾಕಿ ಮಳೆನೀರು ನಿಲ್ಲಿಸುವುದು, ಉತ್ತರೆ ಮಳೆಯ ತೇವದಲ್ಲಿ ಹುರುಳಿಯನ್ನೋ ಸೆಣಬನ್ನೋ ಎರಚಿ ನೆಲ ಮುಚ್ಚುವುದು, ಇವೆಲ್ಲ ಬೇಸಿಗೆಯ ಕೆಲಸಗಳೇ, ಮಾಡಬೇಕಾದದ್ದು ಮಾತ್ರ ಮಳೆಗಾಲದಲ್ಲಿ.

ಕೆಲವು ಕೆಲಸಗಳು ಒಬ್ಬನಿಂದ ಆಗುವುದೂ ಇಲ್ಲ. ಬಿಸಿಲೇರಿದಂತೆ ಕಪ್ಪು ತಲೆ ಹುಳು ಹೆಚ್ಚುತ್ತದೆ, ಮರ ಬೆಂಕಿ ತಾಗಿದ ಹಾಗೆ ಕಾಣುತ್ತದೆ. ಅದನ್ನು ತಿನ್ನುವ ಗೋನಿಯೋಜಸ್ ಎಂಬ ಸಣ್ಣ ಕಣಜವನ್ನು ಬಿಡಿ ಎಂಬ ಸಲಹೆ ಸರಿಯಾದದ್ದು. ಆದರೆ ಹುಳುವಿನ ಪತಂಗಕ್ಕೆ ಪಹಣಿ ಗೊತ್ತಿಲ್ಲ. ಇಡೀ ಊರು ಒಂದೇ ವಾರದಲ್ಲಿ ಬಿಟ್ಟರಷ್ಟೇ ಪ್ರಯೋಜನ. ಕೆರೆ ಗೋಡಿನದೂ ಇದೇ ಪಾಡು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ತೋಟಕ್ಕೆ ಹೊಡೆಯುವುದು ಈ ಭಾಗದ ಹಳೆಯ ರೂಢಿ. ಕೆಂಪು ಮರಳು ನೆಲಕ್ಕೆ ನೀರು ಹಿಡಿಯುವ ಶಕ್ತಿ ಬರುತ್ತದೆ, ಕೆರೆಯ ಹೊಟ್ಟೆಯೂ ದೊಡ್ಡದಾಗುತ್ತದೆ. ಇಷ್ಟು ಅಚ್ಚುಕಟ್ಟಾದ ಸ್ಥಳೀಯ ಜ್ಞಾನ ಅಚ್ಚಾದ ಸಲಹೆಗಳಲ್ಲಿ ಇಣುಕುವುದು ಅಪರೂಪ. ಕರಾವಳಿಯ ಪುಸ್ತಕದಲ್ಲಿ ನಮ್ಮ ಕೆರೆ ಎಲ್ಲಿಂದ ಬರಬೇಕು?

ತಿಪಟೂರಿನ ಪಕ್ಕದ ಕೊನೇಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಯುವ ತೋಟಗಾರಿಕಾ ಕೇಂದ್ರವಿದೆ. ಬಯಲುಸೀಮೆಯ ತೆಂಗನ್ನು ಇವರಷ್ಟು ಹತ್ತಿರದಿಂದ ಬಲ್ಲವರಿಲ್ಲ. ಇಬ್ಬರೂ ಕೂಡಿ ಮುಂದಿನ ಬೇಸಿಗೆಯ ಸಲಹೆಯನ್ನು ಉತ್ತರೆ ಮಳೆಗೆ ಮೊದಲೇ ಹೊರತರಲಿ. ಅದು ಹೋಬಳಿವಾರು ಇರಲಿ. ಪೂರ್ತಿ ನೀರಿದ್ದವನಿಗೆ, ಅರ್ಧ ನೀರಿದ್ದವನಿಗೆ, ಏನೂ ಇಲ್ಲದವನಿಗೆ ಬೇರೆ ಬೇರೆ ಪುಟ ಇರಲಿ.