ಮಿದುಳಿನ ಚಿತ್ರ ಮತ್ತು ಮನಸ್ಸಿನ ನೋವು: ಒಂದು ವಿಮರ್ಶೆ

ಕಣ್ಣಿಗೆ ಕಂಡದ್ದನ್ನು ನಂಬುವುದು ಮನುಷ್ಯನ ಸಹಜ ಪ್ರವೃತ್ತಿ. ಕಳೆದ ಮೂರು ದಶಕಗಳಲ್ಲಿ ವಿಜ್ಞಾನವು ಜನಸಾಮಾನ್ಯರ ಮುಂದಿಟ್ಟ ಚಿತ್ರಗಳಲ್ಲಿ ಮಿದುಳಿನ ಚಿತ್ರಕ್ಕೆ ವಿಶೇಷ ಸ್ಥಾನವಿದೆ. ಬೂದು ಬಣ್ಣದ ಹಿನ್ನೆಲೆಯ ಮೇಲೆ ಅಲ್ಲಲ್ಲಿ ಕೆಂಡದಂತೆ ಹೊಳೆಯುವ ಕೆಂಪು, ಹಳದಿ ಚುಕ್ಕೆಗಳು; ಕೆಳಗೆ ‘ಖಿನ್ನತೆಗೊಳಗಾದ ಮಿದುಳು’ ಎಂಬ ಅಡಿಬರಹ. ಇದನ್ನು ನೋಡಿದ ಗೃಹಸ್ಥನಿಗೆ ಮನಸ್ಸಿನ ನೋವನ್ನೇ ಯಂತ್ರವು ಹಿಡಿದು ತೋರಿಸಿತೆಂಬ ಭಾವನೆ ಉಂಟಾದರೆ ಆಶ್ಚರ್ಯವಿಲ್ಲ. ಆದರೆ ಈ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬ ವಿವೇಚನೆ ವಿಜ್ಞಾನಿಗಳಿಗೆ ಮಾತ್ರ ಬಿಟ್ಟ ಕೆಲಸವಲ್ಲ. ಮನೆಯಲ್ಲಿ ಮಾನಸಿಕ ರೋಗಿಯೊಬ್ಬರನ್ನು ನೋಡಿಕೊಳ್ಳುವ ಕುಟುಂಬಕ್ಕೂ, ಔಷಧದಾನವನ್ನು ಕರ್ತವ್ಯವೆಂದು ಬಗೆದು ವೈದ್ಯಕೀಯ ನೆರವು ನೀಡುವ ಬಸದಿಗಳ ಆಡಳಿತ ಮಂಡಳಿಗಳಿಗೂ ಅದು ನೇರವಾಗಿ ಸಂಬಂಧಿಸಿದ್ದು.

ಮೊದಲಿಗೆ ಈ ಚಿತ್ರ ಹುಟ್ಟುವ ಬಗೆಯನ್ನು ತಿಳಿಯಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸೇಜಿ ಒಗಾವಾ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದರು. ಆಮ್ಲಜನಕವನ್ನು ಹೊತ್ತ ರಕ್ತಕ್ಕೂ ಅದನ್ನು ಬಿಟ್ಟುಕೊಟ್ಟ ರಕ್ತಕ್ಕೂ ಕಾಂತೀಯ ಗುಣದಲ್ಲಿ ವ್ಯತ್ಯಾಸವಿದೆ, ಎಂ.ಆರ್.ಐ. ಯಂತ್ರ ಆ ವ್ಯತ್ಯಾಸವನ್ನು ಗ್ರಹಿಸಬಲ್ಲದು. ಮಿದುಳಿನ ಯಾವ ಭಾಗ ಹೆಚ್ಚು ಕೆಲಸ ಮಾಡುವುದೋ ಆ ಭಾಗಕ್ಕೆ ಹೆಚ್ಚು ರಕ್ತ ಹರಿಯುತ್ತದೆ. 1992ರ ಹೊತ್ತಿಗೆ ಈ ತತ್ತ್ವವನ್ನು ಮನುಷ್ಯರಲ್ಲಿ ಪ್ರಯೋಗಿಸಲಾಯಿತು. ಇದೇ ಕ್ರಿಯಾತ್ಮಕ ಎಂ.ಆರ್.ಐ.

ಹೀಗೆ ಯಂತ್ರ ಅಳೆಯುವುದು ರಕ್ತದ ಹರಿವನ್ನು. ಆಲೋಚನೆಯನ್ನಾಗಲೀ ದುಃಖವನ್ನಾಗಲೀ ಅದು ನೋಡುವುದಿಲ್ಲ. ನರಕೋಶಗಳ ವ್ಯವಹಾರ ಕ್ಷಣದ ಸಾವಿರದೊಂದು ಭಾಗದಲ್ಲಿ ಮುಗಿಯುತ್ತದೆ. ರಕ್ತದ ಪ್ರತಿಕ್ರಿಯೆ ಪೂರ್ಣವಾಗಿ ಏರಲು ನಾಲ್ಕೈದು ಸೆಕೆಂಡುಗಳೇ ಬೇಕು. ಚಿತ್ರದ ಅತಿ ಚಿಕ್ಕ ಘಟಕವಾದ ‘ವಾಕ್ಸೆಲ್’ ಎಂಬ ಘನದೊಳಗೆ ಲಕ್ಷಾಂತರ ನರಕೋಶಗಳು ಅಡಗಿರುತ್ತವೆ. ಒಂದು ಸ್ಥಿತಿಯಲ್ಲಿ ಪಡೆದ ಅಳತೆಯಿಂದ ಇನ್ನೊಂದು ಸ್ಥಿತಿಯ ಅಳತೆಯನ್ನು ಕಳೆದು, ಹಲವರ ಮಿದುಳುಗಳನ್ನು ಒಂದೇ ಅಚ್ಚಿಗೆ ಹೊಂದಿಸಿ ಸರಾಸರಿ ತೆಗೆದು, ಸಂಶೋಧಕರು ನಿಗದಿಪಡಿಸಿದ ಮಿತಿಯನ್ನು ದಾಟಿದ ಜಾಗಗಳಿಗೆ ಮಾತ್ರ ಬಣ್ಣ ಹಚ್ಚಲಾಗುತ್ತದೆ. ಆದುದರಿಂದ ನಾವು ನೋಡುವುದು ಛಾಯಾಚಿತ್ರವಲ್ಲ. ಅದು ಲೆಕ್ಕಾಚಾರದ ನಕ್ಷೆ. ಲೆಕ್ಕ ತಪ್ಪಿದರೆ ನಕ್ಷೆಯೂ ತಪ್ಪುತ್ತದೆ.

ಲೆಕ್ಕ ತಪ್ಪುವುದು ಹೇಗೆಂಬುದನ್ನು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು 2009ರಲ್ಲಿ ವಿಡಂಬನೆಯ ರೂಪದಲ್ಲಿ ತೋರಿಸಿಕೊಟ್ಟರು. ಅವರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿರಿಸಿ, ಅದರ ಮುಂದೆ ಮನುಷ್ಯರ ಚಿತ್ರಗಳನ್ನು ಹಿಡಿದು, ಚಿತ್ರದಲ್ಲಿರುವವರ ಭಾವನೆ ಏನೆಂದು ‘ಕೇಳಿದರು’. ಸತ್ತ ಜೀವಿಯ ಮಿದುಳಿನಲ್ಲಿಯೂ ಕೆಲವು ಕೆಂಪು ಚುಕ್ಕೆಗಳು ಮೂಡಿದವು! ಕಾರಣ ಸರಳ. ಒಂದು ಚಿತ್ರದಲ್ಲಿ ಒಂದು ಲಕ್ಷ ವಾಕ್ಸೆಲ್‌ಗಳಿದ್ದು, ಸಾವಿರಕ್ಕೆ ಒಂದು ತಪ್ಪನ್ನು ಕ್ಷಮಿಸಿದರೂ ನೂರು ಸುಳ್ಳು ಚುಕ್ಕೆಗಳು ತಾವಾಗಿಯೇ ಬೆಳಗುತ್ತವೆ. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪರಿಹಾರವಿದೆ. ಅದನ್ನು ಅನ್ವಯಿಸಿದಾಗ ಮೀನಿನ ‘ಆಲೋಚನೆ’ ಮಾಯವಾಯಿತು. ಆದರೆ ಆ ಕಾಲದಲ್ಲಿ ಪ್ರಕಟವಾಗುತ್ತಿದ್ದ ಎಷ್ಟೋ ಪ್ರಬಂಧಗಳಲ್ಲಿ ಈ ಎಚ್ಚರಿಕೆಯನ್ನು ಪಾಲಿಸುತ್ತಿರಲಿಲ್ಲ ಎಂಬುದೇ ವಿಡಂಬನೆಯ ಗುರಿಯಾಗಿತ್ತು.

2016ರಲ್ಲಿ ಸ್ವೀಡನ್ನಿನ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು ಇನ್ನಷ್ಟು ಆಳಕ್ಕಿಳಿದರು. 499 ಮಂದಿ ಆರೋಗ್ಯವಂತರು ಸುಮ್ಮನೆ ಮಲಗಿದ್ದಾಗ ಪಡೆದ ಚಿತ್ರಗಳನ್ನು ಮನಬಂದಂತೆ ಗುಂಪು ಮಾಡಿ ಹೋಲಿಸಿದಾಗ, ನೂರಕ್ಕೆ ಐದು ಬಾರಿ ಮಾತ್ರ ಕಾಣಬೇಕಾಗಿದ್ದ ಸುಳ್ಳು ವ್ಯತ್ಯಾಸ ಕೆಲವು ವಿಧಾನಗಳಲ್ಲಿ ನೂರಕ್ಕೆ ಎಪ್ಪತ್ತು ಬಾರಿಯವರೆಗೂ ಕಂಡಿತು. ಸುಮಾರು 40,000 ಅಧ್ಯಯನಗಳು ಇದರಿಂದ ಸಂಶಯಕ್ಕೊಳಗಾಗುತ್ತವೆ ಎಂದು ಬರೆದಿದ್ದ ಅವರು ಆ ಸಂಖ್ಯೆ ಅತಿಯಾಯಿತೆಂದು ಅನಂತರ ತಾವೇ ತಿದ್ದಿಕೊಂಡರು. ಪರರ ತಪ್ಪನ್ನು ಎತ್ತಿ ತೋರಿದವರು ತಮ್ಮ ತಪ್ಪನ್ನೂ ಒಪ್ಪಿಕೊಂಡ ಈ ನಡೆ ಶ್ಲಾಘನೀಯ. 2020ರಲ್ಲಿ ಪ್ರಕಟವಾದ ಮತ್ತೊಂದು ಪ್ರಯತ್ನದಲ್ಲಿ 108 ಜನರಿಂದ ಪಡೆದ ಒಂದೇ ಮಾಹಿತಿಯನ್ನು 70 ಸಂಶೋಧಕ ತಂಡಗಳಿಗೆ ಕೊಟ್ಟು, ಒಂಬತ್ತು ಪ್ರಶ್ನೆಗಳಿಗೆ ಉತ್ತರ ಕೇಳಲಾಯಿತು. ಯಾವ ಎರಡು ತಂಡಗಳೂ ಒಂದೇ ದಾರಿಯನ್ನು ಹಿಡಿಯಲಿಲ್ಲ. ಹಲವು ಪ್ರಶ್ನೆಗಳಿಗೆ ಉತ್ತರಗಳೂ ಹೊಂದಲಿಲ್ಲ. ಎಲ್ಲರೂ ಪ್ರಾಮಾಣಿಕರೇ, ಆದರೂ ಚಿತ್ರ ಒಂದಾಗಲಿಲ್ಲ.

ಈ ಪೀಠಿಕೆಯೊಡನೆ ಮನೋರೋಗದ ಪ್ರಶ್ನೆಗೆ ಬರಬಹುದು. ಖಿನ್ನತೆ ಇರುವವರ ಮಿದುಳಿಗೂ ಇಲ್ಲದವರ ಮಿದುಳಿಗೂ ವ್ಯತ್ಯಾಸ ಕಂಡುಬಂದಿದೆ ಎಂಬ ವಾರ್ತೆಗಳು ಆಗಾಗ ಬರುತ್ತವೆ. ಅವು ಸುಳ್ಳಲ್ಲ, ಆದರೆ ಆ ವ್ಯತ್ಯಾಸ ಗುಂಪಿನ ಸರಾಸರಿಗೆ ಸಂಬಂಧಿಸಿದ್ದು. ಜರ್ಮನಿಯ ಸಂಶೋಧಕರು 1,809 ಜನರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಫಲಿತಾಂಶ ಇಲ್ಲಿ ಕಣ್ಣು ತೆರೆಸುವಂತಿದೆ. ಮಿದುಳಿನ ರಚನೆ, ಕ್ರಿಯೆ ಮುಂತಾದ ಬೇರೆ ಬೇರೆ ಅಳತೆಗಳಲ್ಲಿ ಖಿನ್ನರೂ ಸ್ವಸ್ಥರೂ ನೂರಕ್ಕೆ 87ರಿಂದ 95ರಷ್ಟು ಒಬ್ಬರ ಮೇಲೊಬ್ಬರು ಬೀಳುವಂತಿದ್ದರು. ಅತ್ಯುತ್ತಮವಾದ ಅಳತೆಗಳನ್ನು ಹಿಡಿದು ಒಬ್ಬೊಬ್ಬರನ್ನು ಗುರುತಿಸಲು ಹೊರಟಾಗ ನೂರರಲ್ಲಿ 54ರಿಂದ 56 ಸಲ ಮಾತ್ರ ಉತ್ತರ ಸರಿಯಾಯಿತು. ನಾಣ್ಯವನ್ನು ಚಿಮ್ಮಿದರೂ ಐವತ್ತು ಸಲ ಸರಿಯಾಗುವುದೆಂಬುದನ್ನು ನೆನೆದರೆ ಈ ಸಾಮರ್ಥ್ಯದ ಮಿತಿ ಸ್ಪಷ್ಟವಾಗುತ್ತದೆ. ಅದೇ ವರ್ಷ ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು ಸುಮಾರು 50,000 ಜನರ ಮಾಹಿತಿಯನ್ನು ಪರಿಶೀಲಿಸಿ, ಮಿದುಳಿನ ಅಳತೆಗೂ ವ್ಯಕ್ತಿಯ ನಡವಳಿಕೆಗೂ ಇರುವ ನಂಟು ಬಹು ದುರ್ಬಲವಾದುದೆಂದೂ, ಅದನ್ನು ದೃಢಪಡಿಸಲು ಸಾವಿರಾರು ಜನರು ಬೇಕೆಂದೂ ತೋರಿಸಿದರು. ಆದರೆ ಅದುವರೆಗೆ ಇಂಥ ಚಿತ್ರಣ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದವರು ಇಪ್ಪತ್ತೈದರಷ್ಟು ಜನ.

ಇಷ್ಟು ಹೇಳಿದುದರಿಂದ ಮಿದುಳಿನ ಚಿತ್ರಣವೇ ವ್ಯರ್ಥವೆಂದು ಭಾವಿಸುವುದು ಇನ್ನೊಂದು ಅತಿರೇಕವಾದೀತು. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯು ಇವುಗಳ ಪತ್ತೆಗೆ ಸಿ.ಟಿ. ಮತ್ತು ಎಂ.ಆರ್.ಐ.ಗಳಿಗೆ ಸಮನಾದ ಸಾಧನ ಬೇರೆ ಇಲ್ಲ. ನಮ್ಮ ದೇಶದಲ್ಲಿ ಮೂರ್ಛೆರೋಗಕ್ಕೆ ಒಂದು ಮುಖ್ಯ ಕಾರಣವಾದ ಲಾಡಿಹುಳುವಿನ ಮರಿಕೋಶಗಳನ್ನು ಮಿದುಳಿನಲ್ಲಿ ಕಂಡುಹಿಡಿಯುವುದೂ ಈ ಚಿತ್ರಗಳಿಂದಲೇ. ಚೆನ್ನಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಆ ಹುಳುವಿನ ಮೊಟ್ಟೆ ದೇಹವನ್ನು ಸೇರುವುದರಿಂದ ಮಾಂಸಾಹಾರವನ್ನೇ ಅರಿಯದ ಕುಟುಂಬಗಳಲ್ಲಿಯೂ ಈ ರೋಗ ಕಾಣಿಸುತ್ತದೆ. ಹಠಾತ್ತಾಗಿ ನಡತೆ ಬದಲಾದ ವೃದ್ಧರಿಗೆ ಮನೋವೈದ್ಯರು ಸ್ಕ್ಯಾನ್ ಬರೆದುಕೊಟ್ಟರೆ ಅದು ಇಂಥ ದೈಹಿಕ ಕಾರಣಗಳನ್ನು ತಳ್ಳಿಹಾಕುವುದಕ್ಕಾಗಿ. ಸ್ಕ್ಯಾನ್ ಸಹಜವಾಗಿದೆ ಎಂದರೆ ಗಡ್ಡೆ ಇಲ್ಲವೆಂದಷ್ಟೇ ಅರ್ಥ. ಕಾಯಿಲೆ ಇಲ್ಲವೆಂದಲ್ಲ, ರೋಗಿ ನಟಿಸುತ್ತಿದ್ದಾನೆಂದಂತೂ ಅಲ್ಲವೇ ಅಲ್ಲ. ಖಿನ್ನತೆಯನ್ನಾಗಲೀ ಸ್ಕಿಜೋಫ್ರೇನಿಯವನ್ನಾಗಲೀ ವೈದ್ಯರು ಇಂದಿಗೂ ನಿರ್ಣಯಿಸುವುದು ರೋಗಿಯ ಮಾತನ್ನು ಕೇಳಿ, ಮನೆಯವರನ್ನು ವಿಚಾರಿಸಿ, ಕಾಲಾವಧಿಯನ್ನು ಗಮನಿಸಿ.

ಇಲ್ಲಿಯೇ ಕುಟುಂಬಗಳ ಮನಃಸ್ಥಿತಿಯನ್ನು ಸಹಾನುಭೂತಿಯಿಂದ ಅರಿಯಬೇಕು. ಮಗನೋ ಸೊಸೆಯೋ ತಿಂಗಳುಗಟ್ಟಲೆ ಮೂಲೆ ಹಿಡಿದು ಕುಳಿತಾಗ ‘ಸೋಮಾರಿತನ’, ‘ಹಟ’, ‘ಸಂಸ್ಕಾರದ ಕೊರತೆ’ ಎಂಬ ಮಾತುಗಳು ಸುತ್ತಲಿನಿಂದ ಬರುತ್ತವೆ. ಆ ಮಾತುಗಳಿಂದ ಪಾರಾಗಲು ಒಂದು ಚಿತ್ರ ಸಿಕ್ಕರೆ, ‘ನೋಡಿ, ತಪ್ಪು ಅವನದಲ್ಲ, ಮಿದುಳಿನದು’ ಎಂದು ಹೇಳಬಹುದಲ್ಲ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಈ ವಾದಕ್ಕೆ ಎರಡು ಅಲಗುಗಳಿವೆ. ಮನೋರೋಗಗಳನ್ನು ಜೈವಿಕ ಕಾರಣಗಳಿಂದ ಮಾತ್ರ ವಿವರಿಸಿದಾಗ ಜನರ ಮನಸ್ಸಿನಲ್ಲಿ ಏನಾಗುತ್ತದೆ ಎಂಬ ಅಧ್ಯಯನಗಳನ್ನು ಆಸ್ಟ್ರೇಲಿಯಾದ ನಿಕ್ ಹಸ್ಲಾಮ್ ಮತ್ತು ಸಹಯೋಗಿಗಳು 2013ರಲ್ಲಿ ಒಟ್ಟುಗೂಡಿಸಿ ನೋಡಿದರು. ರೋಗಿಯನ್ನು ದೂಷಿಸುವುದು ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಅವನು ಗುಣವಾಗಲಾರನೆಂಬ ನಿರಾಶೆ ಹೆಚ್ಚುತ್ತದೆ. ನಿಂದೆಯಿಂದ ಬಿಡಿಸಲು ತಂದ ಚಿತ್ರ ಭರವಸೆಯನ್ನೂ ಕಿತ್ತುಕೊಂಡರೆ ರೋಗಿಗೆ ದೊರೆತದ್ದೇನು? ಸಂಬಂಧ ಕುದುರಿಸುವ ಹೊತ್ತಿನಲ್ಲಿ ‘ಮಿದುಳೇ ಕೆಟ್ಟಿದೆಯಂತೆ’ ಎಂಬ ಒಂದು ಮಾತು ಎಷ್ಟು ದೂರ ಹರಡಬಲ್ಲದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಿದುಳಿನ ಸಾಕ್ಷ್ಯಕ್ಕೆ ಅತಿಯಾದ ಅಧಿಕಾರ ಕೊಟ್ಟರೆ ಆಗುವ ಅನಾಹುತ ಆಸ್ಪತ್ರೆಯಿಂದಾಚೆಗೂ ಹರಡುತ್ತದೆ. ಅದರ ಸಮೀಪದ ನಿದರ್ಶನ ನಮ್ಮ ದೇಶದ ನ್ಯಾಯಾಲಯಗಳಲ್ಲಿಯೇ ಇದೆ. ತಲೆಗೆ ವಿದ್ಯುದ್ವಾರಗಳನ್ನಿರಿಸಿ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸಿ, ಆರೋಪಿಗೆ ಅಪರಾಧದ ‘ಅನುಭವಸ್ಮೃತಿ’ ಇದೆಯೇ ಎಂದು ಹೇಳುವ ವಿಧಾನವನ್ನು ಬಳಸಿದ ಪ್ರಕರಣವೊಂದರಲ್ಲಿ 2008ರಲ್ಲಿ ಪುಣೆಯ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅದು ಎಂ.ಆರ್.ಐ. ಚಿತ್ರವಲ್ಲದಿದ್ದರೂ ಅದರ ಹಿಂದಿನ ನಂಬಿಕೆ ಒಂದೇ: ಮನುಷ್ಯನ ಮಾತಿಗಿಂತ ಅವನ ಮಿದುಳಿನ ಗುರುತು ಹೆಚ್ಚು ಸತ್ಯವೆಂಬುದು. ಕರ್ನಾಟಕ ರಾಜ್ಯದ ವಿರುದ್ಧ ಸೆಲ್ವಿ ಮತ್ತು ಇತರರು ಹೂಡಿದ್ದ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಮನಸ್ಸಿನೊಳಗಿನದು ವ್ಯಕ್ತಿಯ ಸ್ವಂತದ್ದೆಂಬ ಗೌರವ ಆ ತೀರ್ಪಿನಲ್ಲಿ ಅಡಗಿದೆ.

ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯುಂಟು: ಈ ಅರಿವಿಗೆ ಬೆಲೆ ತೆತ್ತವರು ಯಾರು? ರಕ್ತದ ಹರಿವಿಗೂ ನರಕೋಶಗಳ ಚಟುವಟಿಕೆಗೂ ಇರುವ ನಂಟನ್ನು 2001ರಲ್ಲಿ ನೇರವಾಗಿ ತೋರಿಸಿದ ನಿಕೋಸ್ ಲೋಗೋಥೆಟಿಸ್ ಮತ್ತು ಸಂಗಡಿಗರ ಪ್ರಸಿದ್ಧ ಪ್ರಯೋಗ ನಡೆದದ್ದು ಜರ್ಮನಿಯ ಟ್ಯೂಬಿಂಗನ್ನಿನಲ್ಲಿ, ಕೋತಿಗಳ ಮಿದುಳಿಗೆ ವಿದ್ಯುದ್ವಾರಗಳನ್ನು ಇಳಿಸಿ. ಅಲ್ಲಿನ ಕೋತಿಗಳ ಸ್ಥಿತಿಯನ್ನು ತೋರಿಸುವ ದೃಶ್ಯಗಳು 2014ರಲ್ಲಿ ದೂರದರ್ಶನದಲ್ಲಿ ಪ್ರಸಾರವಾದಾಗ ದೊಡ್ಡ ಪ್ರತಿಭಟನೆ ಎದ್ದಿತು. ಕೋತಿಗಳ ಮೇಲಿನ ಪ್ರಯೋಗಗಳನ್ನು ಕೊನೆಗೊಳಿಸುವುದಾಗಿ ಅವರು 2015ರಲ್ಲಿ ತಿಳಿಸಿದರು. ಆ ಪ್ರಯೋಗದಿಂದ ವಿಜ್ಞಾನಕ್ಕೆ ಲಾಭವಾದದ್ದು ನಿಜ. ಮೂಕಜೀವಿಗಳು ನೊಂದದ್ದೂ ನಿಜ. ಇಷ್ಟು ಬೆಲೆಗೆ ಬಂದ ಜ್ಞಾನವನ್ನು ಅದು ಹೇಳದೆ ಇರುವ ಮಾತಿಗೆ ಸಾಕ್ಷಿಯಾಗಿ ಬಳಸುವುದು ಹಿಂಸೆಯ ಮೇಲೆ ಅಸತ್ಯವನ್ನೂ ಹೇರಿದಂತೆ.

ಒಂದು ನಯದಿಂದ ಕಂಡದ್ದು ಆ ನಯದ ಮಟ್ಟಿಗೆ ಸತ್ಯ. ಅದೇ ಸರ್ವಸ್ವವೆಂದು ಹಟ ಹಿಡಿದಾಗ ದುರ್ನಯವಾಗುತ್ತದೆ. ಮಿದುಳಿನ ಚಿತ್ರಣದಲ್ಲಿನ ದೋಷ ಯಂತ್ರದ್ದಲ್ಲ. ಗುಂಪಿನ ಸರಾಸರಿಯನ್ನು ವ್ಯಕ್ತಿಯ ಹಣೆಬರಹವನ್ನಾಗಿ ಓದುವವರದು. ಆದುದರಿಂದ ‘ಮಿದುಳಿನ ಸ್ಕ್ಯಾನ್‌ನಿಂದ ಮನೋರೋಗ ಪತ್ತೆ’ ಎಂಬ ಪ್ರಕಟಣೆ ಬಂದಾಗ ಕುಟುಂಬಗಳೂ ಧರ್ಮಸಂಸ್ಥೆಗಳೂ ಕೆಲವು ಸರಳ ಪ್ರಶ್ನೆಗಳನ್ನು ಕೇಳಬೇಕು. ಎಷ್ಟು ಜನರ ಮೇಲೆ ಪರೀಕ್ಷಿಸಲಾಗಿದೆ? ಬೇರೆಯವರು ಮಾಡಿ ನೋಡಿದಾಗ ಅದೇ ಫಲ ಬಂದಿದೆಯೇ? ಇದು ಗುಂಪಿನ ಮಾತೋ, ಒಬ್ಬ ರೋಗಿಯ ಮಾತೋ? ಈ ಚಿತ್ರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಕೊನೆಯ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾದರೆ ಆ ಹಣ ಔಷಧಕ್ಕೆ, ಆಪ್ತ ಸಮಾಲೋಚನೆಗೆ, ದೂರದ ಊರಿನಿಂದ ಬರುವ ರೋಗಿಯ ಪ್ರಯಾಣದ ಖರ್ಚಿಗೆ ಸಂದರೆ ದಾನ ಸಾರ್ಥಕವಾದೀತು.

ಹೊಟ್ಟೆನೋವೆಂದು ನರಳುವವನಿಗೆ ಮೊದಲು ಚಿತ್ರ ತೋರಿಸು, ಆಮೇಲೆ ಕನಿಕರ ಎಂದು ಯಾರೂ ಹೇಳುವುದಿಲ್ಲ. ಮನಸ್ಸಿನ ನೋವಿಗೂ ಅದೇ ನ್ಯಾಯ ಸಲ್ಲಬೇಕು. ‘ನನಗೆ ಬದುಕು ಭಾರವಾಗಿದೆ’ ಎಂದು ಒಬ್ಬರು ಹೇಳಿದಾಗ ಕೇಳುವವರು ಕೊಡಬೇಕಾದದ್ದು ಕಿವಿ ಮತ್ತು ವೈದ್ಯರವರೆಗೆ ಜೊತೆಗೂಡಿ ಬರುವ ಕಾಲು. ಅದಕ್ಕೆ ಯಾವ ಯಂತ್ರದ ಅನುಮತಿಯೂ ಬೇಕಾಗಿಲ್ಲ.